ಕೊನೇ ಹತ್ತು ಸೆಕೆಂಡಿನ ಬಿಡ್: ಹೊಸಬರಿಗೆ ಒಂದು ಉತ್ತರ

ಪ್ರಶ್ನೆ: ನಾನು ಸಾಗರದವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಜೋಗದ ಹಳೇ ಪೋಸ್ಟ್‌ಕಾರ್ಡ್‌ಗಳನ್ನು ಸಂಗ್ರಹಿಸುವ ಆಸೆ ಇದೆ. ಈಬೇ ಎಂಬ ಆನ್‌ಲೈನ್ ಹರಾಜಿನ ಬ್ರಿಟನ್ ತಾಣದಲ್ಲಿ ಮೂರು ಸಲ, ಮುಗಿಯುವ ನಾಲ್ಕು ದಿನ ಮುಂಚೆಯೇ, ಬಿಡ್ ಹಾಕಿದೆ. ಮೂರು ಸಲವೂ ಕೊನೆಯ ನಿಮಿಷದವರೆಗೆ ನಾನೇ ಮುಂದಿದ್ದೆ. ಇನ್ನೇನು ಮುಗಿಯಿತು ಅನ್ನುವಾಗ ಯಾರೋ ಬಂದು ಎತ್ತಿಕೊಂಡು ಹೋದರು. ಇದು ಮೋಸ ಅಲ್ವಾ? ನಾನೂ ಹಾಗೆ ಮಾಡಬಹುದಾ? ಮಾಡುವುದಾದರೆ ಹೇಗೆ? ಬರುವ ಭಾನುವಾರ ಇನ್ನೊಂದು ಕಾರ್ಡ್ ಹರಾಜಿಗಿದೆ. ಇದರ ಜೊತೆಗೆ, ನಮ್ಮಣ್ಣ ಶಿವಮೊಗ್ಗದಲ್ಲಿ ಬ್ಯಾಂಕಿನವರು ಆನ್‌ಲೈನ್ ಹರಾಜಿಗೆ ಇಟ್ಟಿರುವ ಒಂದು ಸೈಟ್ ನೋಡಿದ್ದಾರೆ. ಅಲ್ಲೂ ಈ ಉಪಾಯ ನಡೆಯುತ್ತದಾ?

ಉತ್ತರ: ಮೊದಲು ಮೋಸದ ಮಾತು ಮುಗಿಸೋಣ. ಇದು ಮೋಸ ಅಲ್ಲ. ಕೊನೇ ಗಳಿಗೆಯಲ್ಲಿ ಬಿಡ್ ಹಾಕುವುದಕ್ಕೆ ಇಂಗ್ಲಿಷಿನಲ್ಲಿ ಸ್ನೈಪಿಂಗ್ ಅನ್ನುತ್ತಾರೆ. ಈಬೇ ಅದನ್ನು ತನ್ನ ನಿಯಮದಲ್ಲೇ ಒಪ್ಪಿಕೊಂಡಿದೆ. ಹರಾಜು ಮುಗಿಯುವ ಸಮಯವನ್ನು ಎಲ್ಲರಿಗೂ ಮೊದಲೇ ತೋರಿಸಿರುತ್ತಾರೆ. ಆ ಸಮಯದ ಒಳಗೆ ಯಾರು ಯಾವಾಗ ಬೇಕಾದರೂ ಹಾಕಬಹುದು. ನಿಮ್ಮ ಕೈಯಿಂದ ಜಾರಿದ ಮೂರು ಕಾರ್ಡುಗಳೂ ನಿಮಗಿಂತ ಜಾಸ್ತಿ ಮೊತ್ತ ಬರೆದವರಿಗೇ ಹೋಗಿವೆ. ಅವರು ಹತ್ತು ಸೆಕೆಂಡಿಗೆ ಮುಂಚೆ ಬರೆದರು, ನೀವು ನಾಲ್ಕು ದಿನ ಮುಂಚೆ ಬರೆದಿರಿ, ಅಷ್ಟೇ. ಆದರೆ ಆ ನಾಲ್ಕು ದಿನದಲ್ಲಿ ನಿಮಗೆ ನಷ್ಟ ಆಗಿರಬಹುದು. ಹೇಗೆ ಎಂದು ಹೇಳುತ್ತೇನೆ.

ನಮ್ಮ ಕಡೆ ಹರಾಜು ಅಂದರೆ ದೇವಸ್ಥಾನದ ಅಂಗಳದ ಹರಾಜು ಕಣ್ಣಿಗೆ ಬರುತ್ತದೆ. ಹರಕೆಯ ತೆಂಗಿನಕಾಯಿಯೋ ಬಾಳೆಗೊನೆಯೋ ಇರುತ್ತದೆ. ಕೂಗುವವರು 'ಒಂದನೇ ಸಲ, ಎರಡನೇ ಸಲ' ಎಂದು ನಿಲ್ಲಿಸಿ ಸುತ್ತ ನೋಡುತ್ತಾರೆ. ಯಾರಾದರೂ ಬಾಯಿ ಬಿಟ್ಟರೆ ಮತ್ತೆ ಒಂದರಿಂದ ಶುರು. ಅಲ್ಲಿ ಕೊನೇ ಗಳಿಗೆ ಅನ್ನುವುದೇ ಇಲ್ಲ. ನೀವು ಕೂಗಿದ ಕೂಡಲೇ ಕೊನೆ ಮುಂದಕ್ಕೆ ಹೋಗುತ್ತದೆ. ಈಬೇಯಲ್ಲಿ ಹಾಗೆ ಕಾಯುವವರು ಯಾರೂ ಇಲ್ಲ. ಗಡಿಯಾರ ಸೊನ್ನೆಗೆ ಬಂತು, ಬಾಗಿಲು ಮುಚ್ಚಿತು. ಆಗ ಯಾರು ಮೇಲಿದ್ದಾರೋ ವಸ್ತು ಅವರದ್ದು. ಕೊನೇ ಸೆಕೆಂಡಿನ ಬಿಡ್‌ಗೆ ಬೆಲೆ ಬಂದಿದ್ದು ಈ ಒಂದು ನಿಯಮದಿಂದ. ಹಾಗಾಗಿ ಯಾವ ಆನ್‌ಲೈನ್ ಹರಾಜಿಗೆ ಕೈ ಹಾಕಿದರೂ ಅದು ಮುಗಿಯುವುದು ಹೇಗೆ ಎಂದು ಮೊದಲು ಓದಿಕೊಳ್ಳಿ. ನಿಮ್ಮಣ್ಣನ ಸೈಟಿನ ವಿಚಾರದಲ್ಲೂ ಇದೇ ಪ್ರಶ್ನೆ ಬರುತ್ತದೆ.

ಇದನ್ನು ಚೆನ್ನಾಗಿ ಅಳೆದು ನೋಡಿದವರಿದ್ದಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೇ ಹತ್ತು ನಿಮಿಷದಲ್ಲಿ ಬಿಡ್ ಬಂದರೆ ಸಮಯ ಮುಂದಕ್ಕೆ ಹೋಗುತ್ತಿತ್ತು, ನಮ್ಮ ಅಂಗಳದ ಹರಾಜಿನ ಹಾಗೆ. ಈಬೇಯಲ್ಲಿ ಸಮಯ ಗಟ್ಟಿ. ಎರಡನ್ನೂ ಹೋಲಿಸಿದಾಗ ಕೊನೇ ಗಳಿಗೆಯ ಬಿಡ್ ಈಬೇಯಲ್ಲಿ ತುಂಬಾ ಜಾಸ್ತಿ ಕಂಡಿತು. ಅನುಭವ ಇರುವವರು ಅಲ್ಲಿ ಇನ್ನೂ ತಡವಾಗಿ ಹಾಕುತ್ತಿದ್ದರು. ನಿಮಗೆ ಉಪಯೋಗವಾಗುವ ಮಾತು ಇನ್ನೊಂದಿದೆ. ಕಂಪ್ಯೂಟರ್ ಹರಾಜಿಗಿಂತ ಹಳೇ ವಸ್ತುಗಳ ಹರಾಜಿನಲ್ಲಿ ತಡವಾದ ಬಿಡ್ ಜಾಸ್ತಿ ಇತ್ತು. ಕಂಪ್ಯೂಟರಿನ ಬೆಲೆ ಎಲ್ಲರಿಗೂ ಗೊತ್ತು. ಹಳೇ ವಸ್ತುವಿನ ಬೆಲೆ ತಿಳಿದವರಿಗೆ ಮಾತ್ರ ಗೊತ್ತು. ತಿಳಿದವರು ಮೊದಲೇ ಬಿಡ್ ಹಾಕಿದರೆ 'ಇದರಲ್ಲಿ ಏನೋ ಇದೆ' ಎಂದು ಉಳಿದವರಿಗೂ ಗೊತ್ತಾಗುತ್ತದೆ. ಅದಕ್ಕೇ ಅವರು ಸುಮ್ನೆ ಕಾಯುತ್ತಾರೆ.

ಜೋಗದ ಕಾರ್ಡುಗಳು ಈ ಎರಡನೇ ಜಾತಿಯವು. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕೂ ಮೊದಲು ಹಿರೇಭಾಸ್ಕರದ ಅಣೆಕಟ್ಟು ಬಂದಿತ್ತು. ಇವೆರಡಕ್ಕೂ ಮೊದಲು ಶರಾವತಿ ತನ್ನಿಷ್ಟಕ್ಕೆ ತಾನು ಧುಮುಕುತ್ತಿದ್ದ ರೂಪ ಆ ಕಾರ್ಡುಗಳಲ್ಲಿದೆ. ಅದರ ಬೆಲೆ ಸಾಗರದವರಿಗೆ ಗೊತ್ತಾಗುವಷ್ಟು ಲಂಡನ್ನಿನ ಮಾರಾಟಗಾರನಿಗೆ ಗೊತ್ತಾಗುವುದು ಕಷ್ಟ. ನಿಮ್ಮ ಈ ತಿಳಿವಳಿಕೆಯೇ ನಿಮ್ಮ ಬಂಡವಾಳ. ನಾಲ್ಕು ದಿನ ಮೊದಲು ಬಿಡ್ ಹಾಕಿ ಅದನ್ನು ಊರಿಗೆಲ್ಲ ಸಾರಬೇಡಿ.

ಈಗ ಒಳಗಿನ ಲೆಕ್ಕಕ್ಕೆ ಬರೋಣ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಈಬೇಯಲ್ಲಿ ನೀವು ಬರೆಯುವುದು ನಿಮ್ಮ ಗರಿಷ್ಠ ಮೊತ್ತ. ಅದನ್ನು ಬೇರೆಯವರಿಗೆ ತೋರಿಸುವುದಿಲ್ಲ. ನಿಮ್ಮ ಪರವಾಗಿ ಕಂಪ್ಯೂಟರ್ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಗೆದ್ದರೆ ನೀವು ಕೊಡುವುದು ಎರಡನೆಯವರ ಗರಿಷ್ಠ ಮೊತ್ತಕ್ಕಿಂತ ಒಂದು ಮೆಟ್ಟಿಲು ಮೇಲೆ. ಬ್ರಿಟನ್ನಿನ ತಾಣದಲ್ಲಿ 15ರಿಂದ 60 ಪೌಂಡಿನ ನಡುವೆ ಆ ಮೆಟ್ಟಿಲು ಒಂದು ಪೌಂಡ್.

ಒಂದು ಉದಾಹರಣೆ. ಒಂದು ಕಾರ್ಡಿಗೆ ಇನ್ನೊಬ್ಬರು 22 ಪೌಂಡ್ ಬರೆದಿಟ್ಟಿದ್ದಾರೆ ಅಂದುಕೊಳ್ಳಿ. ನಿಮ್ಮ ಗರಿಷ್ಠ 40. ನೀವು ಕೊನೇ ಹತ್ತು ಸೆಕೆಂಡಿನಲ್ಲಿ 40 ಬರೆದರೆ ಕಾರ್ಡ್ 23ಕ್ಕೆ ನಿಮ್ಮದು. ಅದೇ 40ನ್ನು ಬುಧವಾರವೇ ಬರೆದಿದ್ದರೆ? ಆಗ ಆ ಇನ್ನೊಬ್ಬರಿಗೆ 'ನಿಮ್ಮನ್ನು ದಾಟಿದ್ದಾರೆ' ಎಂದು ಸಂದೇಶ ಹೋಗುತ್ತದೆ. ಅವರು 24 ಹಾಕಿ ನೋಡುತ್ತಾರೆ. ಆಗಲಿಲ್ಲ. 26 ಹಾಕುತ್ತಾರೆ. ಆಗಲಿಲ್ಲ. ಹಟ ಬರುತ್ತದೆ. 30ಕ್ಕೆ ಬಂದು ಕೈಬಿಡುತ್ತಾರೆ. ನೀವೇ ಗೆಲ್ಲುತ್ತೀರಿ, ಆದರೆ 31 ಪೌಂಡಿಗೆ. ಎಂಟು ಪೌಂಡ್ ಸುಮ್ನೆ ಹೋಯಿತು. ಅವರು ಮೊದಲೇ ಯೋಚಿಸಿ ತಮ್ಮ ನಿಜವಾದ ಮಿತಿ ಬರೆದಿದ್ದರೆ ನೀವು ಬೇಗ ಹಾಕಿದರೂ ತಡವಾಗಿ ಹಾಕಿದರೂ ವ್ಯತ್ಯಾಸ ಇರುತ್ತಿರಲಿಲ್ಲ. ಸ್ವಲ್ಪ ಸ್ವಲ್ಪ ಏರಿಸುವವರಿಗೆ ಮತ್ತೆ ಯೋಚಿಸಲು ಸಮಯ ಸಿಗದ ಹಾಗೆ ಮಾಡುವುದಷ್ಟೇ ಕೊನೇ ಗಳಿಗೆಯ ಬಿಡ್‌ನ ಕೆಲಸ.

ಇನ್ನೊಂದು ಕೆಟ್ಟ ಆಟದಿಂದಲೂ ಇದು ಕಾಪಾಡುತ್ತದೆ. ಕೆಲವು ಮಾರಾಟಗಾರರು ಗೆಳೆಯರ ಖಾತೆಯಿಂದ ತಮ್ಮದೇ ವಸ್ತುವಿಗೆ ಬಿಡ್ ಹಾಕಿಸಿ ಬೆಲೆ ಏರಿಸುತ್ತಾರೆ. ಇದಕ್ಕೆ ಈಬೇ ನಿಷೇಧ ಹೇರಿದೆ, ಆದರೂ ನಡೆಯುತ್ತದೆ. ನಿಮ್ಮ ಬಿಡ್ ಮೊದಲೇ ಬಿದ್ದಿದ್ದರೆ ಅವರಿಗೆ ಏರಿಸಲು ಆಸರೆ ಸಿಕ್ಕ ಹಾಗೆ. ಕೊನೆಯಲ್ಲಿ ಹಾಕಿದರೆ ಸಿಗುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಇದರಿಂದ ಪವಾಡ ಆಗುತ್ತದೆ ಎಂದು ಕಾಯಬೇಡಿ. ಸಂಶೋಧಕರು ಈಬೇಯಲ್ಲಿ ಬೇಗ ಬಿಡ್ ಹಾಕಿ, ತಡವಾಗಿ ಬಿಡ್ ಹಾಕಿ ಪ್ರಯೋಗ ಮಾಡಿ ನೋಡಿದ್ದಾರೆ. ಅವರಿಗೆ ಕಂಡ ಉಳಿತಾಯ ಸಣ್ಣದು. ನನ್ನ ಅಭಿಪ್ರಾಯವೂ ಅದೇ. ಕೊನೇ ಸೆಕೆಂಡಿನ ಕೈಚಳಕಕ್ಕಿಂತ ನಿಮ್ಮ ಗರಿಷ್ಠ ಮೊತ್ತ ಎಷ್ಟು ಎಂದು ಸರಿಯಾಗಿ ನಿರ್ಧರಿಸುವುದೇ ದೊಡ್ಡ ಕೆಲಸ. ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದು ಇದು: ನೀವು ಮೂರು ಸಲವೂ ನಿಜವಾದ ಮಿತಿ ಬರೆದಿರಲಿಲ್ಲ. 'ಸದ್ಯಕ್ಕೆ ಇಷ್ಟು ಹಾಕೋಣ, ಯಾರಾದರೂ ದಾಟಿದರೆ ಆಮೇಲೆ ನೋಡೋಣ' ಅಂದುಕೊಂಡಿರಬೇಕು. ಆ 'ಆಮೇಲೆ' ಬರುವುದೇ ಇಲ್ಲ.

ಇದಕ್ಕೆ ನಮ್ಮ ಊರಿನ ಇನ್ನೊಂದು ಅಭ್ಯಾಸವೂ ಕಾರಣ ಇರಬಹುದು. ಶಿವಮೊಗ್ಗದ ಅಡಿಕೆ ಟೆಂಡರ್ ನೋಡಿ ಬೆಳೆದವರು ನಾವು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಲಾಟ್ ಇರುತ್ತದೆ. ವರ್ತಕರು ನೋಡಿ ಧಾರಣೆ ಬರೆಯುತ್ತಾರೆ. ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಜಾಸ್ತಿ ಬರೆದವರಿಗೆ ಲಾಟ್ ಹೋಗುತ್ತದೆ, ಅವರು ಬರೆದ ಧಾರಣೆಗೇ. ಅಲ್ಲಿ ಯಾವ ವರ್ತಕರೂ ತಮ್ಮ ಪೂರ್ತಿ ಮಿತಿ ಬರೆಯುವುದಿಲ್ಲ. ಬರೆದರೆ ಲಾಭವೇ ಉಳಿಯುವುದಿಲ್ಲ. ಸ್ವಲ್ಪ ಕೆಳಗೆ ಬರೆಯುವುದೇ ಅಲ್ಲಿ ಜಾಣತನ. ಈಬೇಯಲ್ಲಿ ನೀವು ಕೊಡುವುದು ಎರಡನೆಯವರ ಮೊತ್ತದ ಲೆಕ್ಕದಲ್ಲಿ. ಹಾಗಾಗಿ ಕಡಿಮೆ ಬರೆದರೆ ಉಳಿಯುವುದು ಏನೂ ಇಲ್ಲ, ಸೋಲುವ ಸಾಧ್ಯತೆ ಮಾತ್ರ ಜಾಸ್ತಿ. ಇದನ್ನು ವಿಲಿಯಂ ವಿಕ್ರಿ 1961ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮಂಥ ಸಂಗ್ರಾಹಕರಿಗೆ ಖುಷಿ ಕೊಡುವ ವಿಷಯ ಏನೆಂದರೆ, ಅಮೆರಿಕದ ಅಂಚೆಚೀಟಿ ಹರಾಜಿನವರು 19ನೇ ಶತಮಾನದ ಕೊನೆಯಲ್ಲೇ ಟಪಾಲಿನ ಮೂಲಕ ಇದೇ ಪದ್ಧತಿ ನಡೆಸುತ್ತಿದ್ದರು.

ಹಾಗಾದರೆ ನಿಮ್ಮ ಮಿತಿ ಎಷ್ಟು? ಈಬೇಯಲ್ಲಿ 'ಸೋಲ್ಡ್ ಐಟಮ್ಸ್' ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಸುಮಾರು ಮೂರು ತಿಂಗಳಲ್ಲಿ ಮಾರಾಟವಾದ ವಸ್ತುಗಳ ಬೆಲೆ ಕಾಣುತ್ತದೆ. ಮಾರಲು ಇಟ್ಟಿರುವ ಬೆಲೆ ನೋಡಬೇಡಿ, ಅದು ಬರೀ ಆಸೆ. ಮಾರಾಟವಾದ ಬೆಲೆ ನೋಡಿ. ಹುಡುಕುವಾಗ 'ಜೋಗ್' ಎಂದಷ್ಟೇ ಹಾಕಿದರೆ ಅರ್ಧ ತಪ್ಪಿಹೋಗುತ್ತದೆ. ಬ್ರಿಟಿಷರ ಕಾಲದ ಕಾರ್ಡುಗಳ ಮೇಲೆ 'ಗೇರುಸೊಪ್ಪ ಫಾಲ್ಸ್' ಎಂದಿರುತ್ತದೆ. ಆ ಹೆಸರಿಗೇ ಬೇರೆ ಬೇರೆ ಸ್ಪೆಲ್ಲಿಂಗ್ ಇವೆ. ಊರಿನ ಹೆಸರನ್ನೂ ಹಳೇ 'ಶಿಮೊಗ' ರೂಪದಲ್ಲೇ ಹುಡುಕಿ. ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರಲ್ಲಿ, ವಿದೇಶದ ಮಾರಾಟಗಾರರಿಗೆ ಅದು ಗೊತ್ತಿರುವುದು ಅಪರೂಪ. ಸ್ಪೆಲ್ಲಿಂಗ್ ತಪ್ಪಾಗಿರುವ ವಸ್ತುಗಳಿಗೆ ಬಿಡ್ ಹಾಕುವವರೇ ಕಡಿಮೆ. ಅಂಥದ್ದೊಂದು ಸಿಕ್ಕರೆ ಕೊನೇ ಸೆಕೆಂಡಿನ ಆಟವೇ ಬೇಕಾಗುವುದಿಲ್ಲ.

ಕಾರ್ಡ್ ಎಷ್ಟು ಹಳೆಯದು ಎಂಬುದನ್ನೂ ನೋಡಿ. ಹಿಂಬದಿಯ ಚಿತ್ರ ಇಲ್ಲದಿದ್ದರೆ ಮಾರಾಟಗಾರರಿಗೆ ಬರೆದು ಕೇಳಿ. ಹಿಂಬದಿಯಲ್ಲಿ ವಿಳಾಸಕ್ಕೆ ಮಾತ್ರ ಜಾಗ ಇದ್ದರೆ ಅದು ತುಂಬಾ ಹಳೆಯದು. ನಡುವೆ ಗೆರೆ ಎಳೆದು ಒಂದು ಕಡೆ ಸಂದೇಶ, ಇನ್ನೊಂದು ಕಡೆ ವಿಳಾಸ ಬರೆಯುವ ಕಾರ್ಡಿಗೆ ಬ್ರಿಟನ್ ಒಪ್ಪಿಗೆ ಕೊಟ್ಟಿದ್ದು 1902ರಲ್ಲಿ. 'ಹಳೇ ಕಾರ್ಡ್' ಎಂದು ಮಾರುವ ಹೊಸ ಮುದ್ರಣಗಳೂ ಇವೆ. ವಿವರದಲ್ಲಿ 'ರೀಪ್ರಿಂಟ್' ಎಂಬ ಮಾತು ಎಲ್ಲಾದರೂ ಮೂಲೆಯಲ್ಲಿ ಇದೆಯಾ ನೋಡಿ.

ಮಿತಿ ಲೆಕ್ಕ ಹಾಕುವಾಗ ಮನೆಗೆ ಬಂದು ಸೇರುವ ತನಕದ ಖರ್ಚೆಲ್ಲ ಸೇರಿಸಿ. ಅಂಚೆ ಖರ್ಚು ಇದೆ. ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕ್ ಕಾರ್ಡಿನವರು ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಹೆಚ್ಚಿಗೆ ಹಿಡಿಯುತ್ತಾರೆ. ಕಸ್ಟಮ್ಸ್ ಸುಂಕ ಮತ್ತು ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಬೀಳಬಹುದು, ಅದನ್ನು ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ವಸೂಲು ಮಾಡುತ್ತಾರೆ. 'ಗಿಫ್ಟ್ ಎಂದು ಬರೆದು ಕಳಿಸಿ' ಎಂದು ಮಾರಾಟಗಾರರಿಗೆ ಹೇಳಬೇಡಿ, ಅದು ಸುಳ್ಳು ಘೋಷಣೆ. ಒಟ್ಟು 6,000 ರೂಪಾಯಿ ದಾಟಬಾರದು ಅಂತಿದ್ದರೆ ಇವೆಲ್ಲ ಕಳೆದು ಉಳಿದಿದ್ದೇ ನಿಮ್ಮ ಬಿಡ್. ಅದನ್ನು ಪೌಂಡಿನಲ್ಲಿ ಒಂದು ಚೀಟಿಯಲ್ಲಿ ಬರೆದಿಡಿ. ಸಾಧ್ಯವಾದರೆ ಭಾನುವಾರಕ್ಕೆ ಮೊದಲೇ ಬರೆಯಿರಿ, ತಲೆ ತಣ್ಣಗಿರುವಾಗ. ಮೊತ್ತ 40 ಎಂದು ದುಂಡಗೆ ಇರುವುದು ಬೇಡ. 41.37 ಎಂದಿರಲಿ. ಹೆಚ್ಚಿನವರು ದುಂಡು ಸಂಖ್ಯೆ ಬರೆಯುತ್ತಾರೆ. ಇಬ್ಬರ ಮೊತ್ತ ಸಮ ಬಂದರೆ ಮೊದಲು ಹಾಕಿದವರೇ ಗೆಲ್ಲುತ್ತಾರೆ. ಕೊನೆಯಲ್ಲಿ ಬರುವ ನೀವು ಆ ಜಗಳದಲ್ಲಿ ಯಾವಾಗಲೂ ಸೋಲುತ್ತೀರಿ.

ಈಗ ಭಾನುವಾರಕ್ಕೆ ಬರೋಣ. ಬ್ರಿಟನ್ನಿನ ಮಾರಾಟಗಾರರಿಗೆ ಭಾನುವಾರ ಸಂಜೆ ಇಷ್ಟ, ಆಗ ಜನ ಮನೆಯಲ್ಲಿರುತ್ತಾರೆ. ಅಲ್ಲಿ ರಾತ್ರಿ 8 ಅಂದರೆ ಇಲ್ಲಿ ಚಳಿಗಾಲದಲ್ಲಿ ಮಧ್ಯರಾತ್ರಿ 1.30. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ ಇಲ್ಲಿ 12.30. ಅಂದರೆ ನಮ್ಮ ಲೆಕ್ಕದಲ್ಲಿ ಅದು ಸೋಮವಾರ ಬಂದಾಗಿರುತ್ತದೆ. ಭಾನುವಾರ ರಾತ್ರಿ ಎಂಟಕ್ಕೆ ಫೋನ್ ಹಿಡಿದು ಕೂತು, ಇನ್ನೂ ಸಮಯ ಇದೆ ಎಂದು ಮಲಗಿಬಿಡುವವರು ಇದ್ದಾರೆ. ಉಳಿದಿರುವ ಗಂಟೆ, ನಿಮಿಷ ಎಣಿಸುವ ಗಡಿಯಾರ ಪುಟದಲ್ಲೇ ಇರುತ್ತದೆ. ಅದನ್ನು ನೋಡಿ ಅಲಾರಂ ಇಡಿ.

ಅವತ್ತಿನ ರಾತ್ರಿಗಿಂತ ಮೊದಲು ಮಾಡಬೇಕಾದ ಕೆಲಸ ಜಾಸ್ತಿ ಇದೆ. ಈಬೇಯ ಭಾರತದ ತಾಣ 2018ರಲ್ಲೇ ಮುಚ್ಚಿತು. ಈಗ ನಾವು ಕೊಳ್ಳುವುದೆಲ್ಲ ವಿದೇಶದ ತಾಣಗಳಿಂದ. ಹಾಗಾಗಿ ಮಾರಾಟಗಾರರು ಭಾರತಕ್ಕೆ ಕಳಿಸುತ್ತಾರಾ ಎಂದು ಮೊದಲು ನೋಡಿ. ತಾವು ಕಳಿಸದ ದೇಶದವರ ಬಿಡ್ ಬರದ ಹಾಗೆ ತಡೆಯುವ ಅವಕಾಶ ಮಾರಾಟಗಾರರಿಗೆ ಇದೆ. ಇದು ನಿಮಗೆ ಗೊತ್ತಾಗುವುದು ಬಿಡ್ ಒತ್ತಿದಾಗ. ಹತ್ತು ಸೆಕೆಂಡ್ ಇರುವಾಗ ಗೊತ್ತಾದರೆ ಮಾಡಲು ಏನೂ ಉಳಿಯುವುದಿಲ್ಲ. ಅನುಮಾನ ಇದ್ದರೆ ಎರಡು ದಿನ ಮೊದಲೇ ಒಂದು ಸಂದೇಶ ಕಳಿಸಿ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಪೋಸ್ಟ್‌ಕಾರ್ಡ್ ಕಳಿಸುವುದು ಸುಲಭ.

ಬ್ಯಾಂಕ್ ಕಾರ್ಡಿನ ವಿಷಯವೂ ಇದೆ. ಆರ್‌ಬಿಐ ನಿಯಮದ ಪ್ರಕಾರ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಅದನ್ನು ತೆರೆಯಬೇಕು. ಕೆಲವು ಹರಾಜುಗಳಲ್ಲಿ ಬಿಡ್ ಹಾಕುವ ಮೊದಲೇ ಈಬೇ ಕಾರ್ಡಿನ ವಿವರ ಕೇಳುತ್ತದೆ. ಹೊಸ ಖಾತೆಗೆ ಫೋನ್ ಪರಿಶೀಲನೆಯೂ ಬರಬಹುದು. ಇದೆಲ್ಲ ಒಂದು ಸಲ ಮುಗಿಸಿಕೊಳ್ಳಲು ಒಳ್ಳೆ ದಾರಿ ಎಂದರೆ ಬೇರೆ ಯಾವುದಾದರೂ ಅಗ್ಗದ ಪೋಸ್ಟ್‌ಕಾರ್ಡಿನ ಮೇಲೆ ಕೊನೇ ಗಳಿಗೆಯ ಬಿಡ್ ಹಾಕಿ ನೋಡುವುದು. ಗೆದ್ದರೂ ಬೇಸರ ಆಗದಂಥ ವಸ್ತು ಆರಿಸಿಕೊಳ್ಳಿ. ಬಿಡ್ ಹಾಕುವುದು ಕೊಳ್ಳುತ್ತೇನೆ ಎಂದು ಮಾತು ಕೊಟ್ಟ ಹಾಗೆ.

ಆ ರಾತ್ರಿ ಐದು ನಿಮಿಷ ಮೊದಲು ಲಾಗಿನ್ ಆಗಿ. ಎಷ್ಟೋ ಸಲ ಕೊನೆಯಲ್ಲಿ ಅದು ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಒಂದು ನಿಮಿಷ ಇರುವಾಗ ಪುಟವನ್ನು ಹೊಸದಾಗಿ ತೆರೆದುಕೊಂಡು ಮೊತ್ತ ಬರೆಯಿರಿ, ಆದರೆ ಒತ್ತಬೇಡಿ. ಚುಕ್ಕಿ ಸರಿಯಾದ ಜಾಗದಲ್ಲಿದೆಯಾ ಎಂದು ಎರಡು ಸಲ ನೋಡಿ. 41.37 ಬರೆಯಲು ಹೋಗಿ 4137 ಆದರೆ ಕಷ್ಟ. ತಪ್ಪು ಮೊತ್ತದ ಬಿಡ್ ಹಿಂದೆ ತೆಗೆಯಲು ನಿಯಮ ಇದೆ, ಆದರೆ ಕೊನೇ ಸೆಕೆಂಡಿನಲ್ಲಿ ಹಾಕಿದವರಿಗೆ ಅದಕ್ಕೆ ಸಮಯ ಎಲ್ಲಿದೆ? ಒತ್ತಿದ ಮೇಲೆ ಇನ್ನೊಂದು ಪರದೆ ಬಂದು 'ಖಚಿತವೇ' ಎಂದು ಕೇಳುತ್ತದೆ. ಅದಕ್ಕೂ ಒಂದೆರಡು ಸೆಕೆಂಡ್ ಬೇಕು. ನೆಟ್‌ವರ್ಕ್ ಚೆನ್ನಾಗಿದ್ದರೆ 15 ಸೆಕೆಂಡ್ ಇರುವಾಗ ಶುರು ಮಾಡಿ, 8ರಿಂದ 10 ಸೆಕೆಂಡ್ ಇರುವಾಗ ಬಿಡ್ ಸೇರಿರುತ್ತದೆ. ಎರಡು ಸೆಕೆಂಡಿನವರೆಗೆ ಕಾಯುವ ಧೈರ್ಯ ಹೊಸಬರಿಗೆ ಬೇಡ. ಇನ್ನೊಬ್ಬರು ನೋಡಿ, ಯೋಚಿಸಿ, ಬರೆದು, ಒತ್ತಲು ಹತ್ತು ಸೆಕೆಂಡ್ ಸಾಕಾಗುವುದಿಲ್ಲ. ಅದಕ್ಕಿಂತ ಹತ್ತಿರ ಹೋಗಿ ನಿಮಗೆ ಸಿಗುವುದು ಏನೂ ಇಲ್ಲ.

ಮಳೆಗಾಲದ ಮಾತು ಬೇರೆ. ಸಾಗರ ಪೇಟೆಯಲ್ಲಿ ಹೇಗೋ ನಡೆಯುತ್ತದೆ. ಹೊಸನಗರ, ನಿಟ್ಟೂರು, ಆಗುಂಬೆ ಕಡೆಯ ಮನೆಗಳಲ್ಲಿ ಆಷಾಢದ ರಾತ್ರಿ ಕರೆಂಟೂ ಇಲ್ಲ, ಟವರೂ ಇಲ್ಲ. ಅಂಥ ಕಡೆ ಇರುವವರಿಗೆ ನಾನು ಹೇಳುವುದು ಒಂದೇ. ಸಂಜೆ ನೆಟ್‌ವರ್ಕ್ ಇರುವಾಗಲೇ ನಿಮ್ಮ ಪೂರ್ತಿ ಮಿತಿ ಬರೆದು ಮಲಗಿ. ನಾಲ್ಕಾರು ಪೌಂಡ್ ಜಾಸ್ತಿ ಆಗಬಹುದು. ಬಿಡ್ ಸೇರದೇ ಹೋಗುವುದಕ್ಕಿಂತ ಅದು ಮೇಲು. ಕೊನೇ ಗಳಿಗೆಯ ಬಿಡ್‌ಗಳಲ್ಲಿ ಕೆಲವು ದಾರಿಯಲ್ಲೇ ಉಳಿಯುತ್ತವೆ. ರಾತ್ ಮತ್ತು ಒಕೆನ್‌ಫೆಲ್ಸ್ ಕೂಡ ಇದನ್ನು ಗುರುತಿಸಿದ್ದರು.

ನಿಮ್ಮ ಪರವಾಗಿ ಕೊನೇ ಸೆಕೆಂಡಿನಲ್ಲಿ ಬಿಡ್ ಹಾಕಿಕೊಡುವ ಸೇವೆಗಳೂ ಅಂತರ್ಜಾಲದಲ್ಲಿವೆ. ನಿದ್ದೆಗೆಡಬೇಕಾಗಿಲ್ಲ, ಮನೆಯ ನೆಟ್‌ವರ್ಕಿನ ಹಂಗಿಲ್ಲ. ಆದರೆ ಅವಕ್ಕೆ ನಿಮ್ಮ ಈಬೇ ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಆ ಖಾತೆಗೆ ನಿಮ್ಮ ಬ್ಯಾಂಕ್ ಕಾರ್ಡ್ ಸೇರಿಕೊಂಡಿರುತ್ತದೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ.

ಸೋತರೆ? ನಿಮ್ಮ ಮಿತಿ 41.37 ಇತ್ತು, ಕಾರ್ಡ್ 46ಕ್ಕೆ ಹೋಯಿತು ಅಂದುಕೊಳ್ಳಿ. ನಿಮಗೆ ಅದು 46ಕ್ಕೆ ಬೇಡವಾಗಿತ್ತು, ಅದನ್ನು ನೀವೇ ಚೀಟಿಯಲ್ಲಿ ಬರೆದಿದ್ದಿರಿ. ಪೋಸ್ಟ್‌ಕಾರ್ಡ್ ಅಚ್ಚು ಹಾಕಿದ್ದು ಒಂದೇ ಪ್ರತಿ ಅಲ್ಲ. ಅದೇ ಚಿತ್ರ ಮತ್ತೆ ಬರುತ್ತದೆ, ಹುಡುಕುವ ಪದವನ್ನು ಉಳಿಸಿಟ್ಟರೆ ತಾಣವೇ ಸಂದೇಶ ಕಳಿಸುತ್ತದೆ. ಸೋತ ಮೇಲೆ ಒಂದು ಎಚ್ಚರ ಬೇಕು. 'ಗೆದ್ದವರು ಹಣ ಕಟ್ಟಲಿಲ್ಲ, ನಿಮಗೇ ಕೊಡುತ್ತೇವೆ' ಎಂದು ಸಂದೇಶ ಬರಬಹುದು. ಈಬೇಯಲ್ಲಿ ಇಂಥ ಎರಡನೇ ಅವಕಾಶ ನಿಜವಾಗಿಯೂ ಇದೆ. ಆದರೆ ಅದು ಈಬೇಯ ಒಳಗಿನ ಸಂದೇಶಪೆಟ್ಟಿಗೆಯಲ್ಲಿ ಕಾಣಬೇಕು. ಬರೀ ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬಂದು ಹೊರಗೆ ಹಣ ಕಳಿಸಿ ಅಂದರೆ ಅದು ವಂಚನೆ.

ಗೆದ್ದರೆ ತಡ ಮಾಡದೆ ಹಣ ಕಟ್ಟಿ. ನಾಲ್ಕು ದಿನ ದಾಟಿದರೆ ಮಾರಾಟಗಾರರು ರದ್ದು ಮಾಡಬಹುದು, ನಿಮ್ಮ ಖಾತೆಗೂ ಕಪ್ಪು ಚುಕ್ಕೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎರಡು ಕಡೆ ರಟ್ಟು ಇಟ್ಟು ಕಳಿಸಿ ಎಂದು ಕೇಳಿಕೊಳ್ಳಿ. ನಮ್ಮ ಮಳೆ ಅವರಿಗೆ ಗೊತ್ತಿಲ್ಲ.

ಇನ್ನು ನಿಮ್ಮಣ್ಣನ ಸೈಟ್. ಇಲ್ಲಿ ಉತ್ತರ ಪೂರ್ತಿ ಬೇರೆ. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುತ್ತವೆ. ಆ ಆನ್‌ಲೈನ್ ಹರಾಜುಗಳಲ್ಲಿ ಸಾಮಾನ್ಯವಾಗಿ ಸಮಯ ಮುಂದಕ್ಕೆ ಹೋಗುವ ನಿಯಮ ಇರುತ್ತದೆ. ಕೊನೇ ಐದು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಇನ್ನೂ ಐದು ನಿಮಿಷ ಸೇರುತ್ತದೆ. ಕೆಲವು ಕಡೆ ಹತ್ತು ನಿಮಿಷ. ಹರಾಜು ಪ್ರಕಟಣೆಯಲ್ಲೇ ಇದು ಬರೆದಿರುತ್ತದೆ. ಅಂದರೆ ದೇವಸ್ಥಾನದ ಅಂಗಳದ 'ಎರಡನೇ ಸಲ' ಇಲ್ಲಿದೆ. ಕೊನೇ ಸೆಕೆಂಡಿನಲ್ಲಿ ಹಾಕಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ, ಹರಾಜು ಇನ್ನಷ್ಟು ಹೊತ್ತು ನಡೆಯುತ್ತದೆ ಅಷ್ಟೇ. ಉಪಾಯ ಇಲ್ಲಿ ನಡೆಯುವುದಿಲ್ಲ.

ಹಾಗಂತ ಮೊದಲ ಪಾಠ ಬದಲಾಗಿಲ್ಲ. ಮಿತಿಯನ್ನು ಮನೆಯಲ್ಲೇ ಕೂತು ನಿರ್ಧರಿಸಬೇಕು. ಇಲ್ಲಿ ಅದು ಇನ್ನೂ ಮುಖ್ಯ, ಏಕೆಂದರೆ ಹಣ ದೊಡ್ಡದು. ಭಾಗವಹಿಸಲು ಕನಿಷ್ಠ ಬೆಲೆಯ ಸಾಮಾನ್ಯವಾಗಿ ಶೇ. 10ರಷ್ಟನ್ನು ಮುಂಗಡವಾಗಿ ಕಟ್ಟಬೇಕು, ಅದಕ್ಕೆ ಇಎಂಡಿ ಅನ್ನುತ್ತಾರೆ. ಗೆದ್ದರೆ ಆ ಮುಂಗಡ ಸೇರಿ ಒಟ್ಟು ಬೆಲೆಯ ಶೇ. 25ನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ ಶೇ. 75ನ್ನು ಮಾರಾಟ ಖಚಿತವಾದ 15 ದಿನದೊಳಗೆ. ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಮಾತ್ರ ಗಡುವು ಮುಂದಕ್ಕೆ ಹೋಗುತ್ತದೆ. ಕಟ್ಟದಿದ್ದರೆ ಕಟ್ಟಿದ್ದೂ ಹೋಯಿತು. ಹರಾಜಿನ ಬಿಸಿಯಲ್ಲಿ ಎರಡು ಲಕ್ಷ ಜಾಸ್ತಿ ಒತ್ತಿಬಿಟ್ಟು ಆಮೇಲೆ ಸಾಲಕ್ಕೆ ಓಡಾಡುವ ಸ್ಥಿತಿ ಯಾರಿಗೂ ಬೇಡ. ಗೃಹಸಾಲ ಬೇಕಿದ್ದರೆ ಹರಾಜಿಗೆ ಮೊದಲೇ ಬ್ಯಾಂಕಿನಲ್ಲಿ ಮಾತಾಡಿಟ್ಟುಕೊಳ್ಳಬೇಕು.

ಇಂಥ ಹರಾಜಿನಲ್ಲಿ ಇನ್ನೊಂದು ಅಪಾಯ ಇದೆ. ವಸ್ತುವಿನ ನಿಜವಾದ ಬೆಲೆ ಯಾರಿಗೂ ಖಚಿತವಾಗಿ ಗೊತ್ತಿಲ್ಲದಾಗ ಎಲ್ಲರೂ ಒಂದೊಂದು ಅಂದಾಜು ಮಾಡುತ್ತಾರೆ. ಗೆಲ್ಲುವವರು ಯಾರು? ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವರು. ಅಂದರೆ ಗೆದ್ದವರೇ ಲೆಕ್ಕ ತಪ್ಪಿರುವ ಸಾಧ್ಯತೆ ಜಾಸ್ತಿ. 2020ರಲ್ಲಿ ನೊಬೆಲ್ ಪಡೆದ ರಾಬರ್ಟ್ ವಿಲ್ಸನ್ ಮತ್ತು ಪಾಲ್ ಮಿಲ್‌ಗ್ರಾಮ್ ಅವರ ಕೆಲಸದಲ್ಲಿ ಇದು ದೊಡ್ಡ ಭಾಗ. ನಿಮಗೆ ಜೋಗದ ಕಾರ್ಡ್ ಬೇಕಾಗಿರುವುದು ಸಂಗ್ರಹದ ಪ್ರೀತಿಗೆ, ಅಲ್ಲಿ ಈ ಭಯ ಕಡಿಮೆ. ಸೈಟನ್ನು ನಾಳೆ ಮಾರುವ ಯೋಚನೆ ಇದ್ದರೆ ಈ ಭಯ ಪೂರ್ತಿ ಇದೆ. ಅದಕ್ಕೇ ಅಂದಾಜಿಗಿಂತ ಕೆಳಗೇ ನಿಲ್ಲಬೇಕು.

ಬ್ಯಾಂಕ್ ಆಸ್ತಿಯನ್ನು 'ಇರುವ ಹಾಗೆಯೇ' ಮಾರುತ್ತದೆ. ಆಮೇಲೆ ದೂರು ಕೇಳುವವರಿಲ್ಲ. ಹಾಗಾಗಿ ನಿಮ್ಮಣ್ಣ ಇಎಂಡಿ ಕಟ್ಟುವ ಮೊದಲು ಸೈಟಿಗೆ ಹೋಗಿ ನಿಂತು ನೋಡಲಿ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಲಿ. ಪಾಲಿಕೆಯಲ್ಲಿ ಬಾಕಿ ತೆರಿಗೆ ಎಷ್ಟಿದೆ ಎಂದು ವಿಚಾರಿಸಲಿ. ಬ್ಯಾಂಕಿನ ಕೈಯಲ್ಲಿರುವುದು ಭೌತಿಕ ಸ್ವಾಧೀನವೋ ಬರೀ ಕಾಗದದ ಸಾಂಕೇತಿಕ ಸ್ವಾಧೀನವೋ ಎಂದು ಪ್ರಕಟಣೆಯಲ್ಲಿ ಬರೆದಿರುತ್ತದೆ. ಸಾಂಕೇತಿಕ ಅಂತಿದ್ದರೆ ಒಳಗೆ ಇನ್ನೂ ಜನ ಇರಬಹುದು, ಬಿಡಿಸಲು ವರ್ಷಗಳು ಹಿಡಿಯಬಹುದು. ನಮ್ಮ ಜಿಲ್ಲೆಯಲ್ಲಿ ಸೈಟ್ ಅನ್ನುವುದು ಕಾಗದದಲ್ಲಿ ಇನ್ನೂ ತೋಟವೋ ಗದ್ದೆಯೋ ಆಗಿರುವುದುಂಟು. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ಭೂಪರಿವರ್ತನೆ ಆಗಿದೆಯಾ ಎಂದು ಪಹಣಿ ಹಿಡಿದು ವಕೀಲರ ಹತ್ತಿರ ತೋರಿಸಲೇಬೇಕು. ಮುಂಗಡದ ಹಣವನ್ನು ಪ್ರಕಟಣೆಯಲ್ಲಿ ಕೊಟ್ಟಿರುವ ಖಾತೆಗೇ ಕಟ್ಟಲಿ, ಮಧ್ಯದವರು ಹೇಳುವ ಯುಪಿಐ ನಂಬರಿಗೆ ಬೇಡ. ಸಂಶಯ ಬಂದರೆ ಆ ಶಾಖೆಗೇ ಹೋಗಿ, ಪ್ರಕಟಣೆಗೆ ಸಹಿ ಹಾಕಿದ ಅಧಿಕಾರಿಯನ್ನು ಭೇಟಿ ಮಾಡಿ ಕೇಳಲಿ.